ವಿಂಡೋಸ್ ಬಳಸುವವರನ್ನು ಆಪಲ್ ತನ್ನ ಕಡೆ ಹೇಗೆ ಎಳೆದುಕೊಳ್ಳುತ್ತದೆ?

ಇಷ್ಟು ವರ್ಷ ವಿಂಡೋಸ್ ಬಳಸಿದವರು ಆಪಲ್‌ನ ದುಬಾರಿ ಕಂಪ್ಯೂಟರ್ ಮ್ಯಾಕ್ ಯಾಕೆ ತಗೋತಾರೆ, ಬರೀ ಜಾಹೀರಾತು ನೋಡಿಯಾ ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ, ಜೊತೆಗೆ ಕಂಪ್ಯೂಟರ್ ರಿಪೇರಿ. ನಾನು ಕಂಡ ಹಾಗೆ ಜಾಹೀರಾತಿನ ಪಾಲು ಕಡಿಮೆ. ಹಳೇದೆಲ್ಲ ಹೋಗಿಬಿಟ್ಟರೆ ಏನು ಗತಿ ಅನ್ನೋ ಭಯ ಇದೆಯಲ್ಲ, ಅದನ್ನು ಕಳೆದವನ ಹತ್ತಿರ ಜನ ಹೋಗುತ್ತಾರೆ.

2006ರಿಂದ 2009ರವರೆಗೆ ಅಮೆರಿಕದಲ್ಲಿ ಆಪಲ್ ಒಂದು ಸರಣಿ ಜಾಹೀರಾತು ಮಾಡಿತ್ತು. ಮ್ಯಾಕ್ ಅಂದರೆ ಒಬ್ಬ ಆರಾಮಾಗಿರೋ ಹುಡುಗ, ಪಿಸಿ, ಅಂದರೆ ವಿಂಡೋಸ್ ಕಂಪ್ಯೂಟರ್, ಕೋಟು ಹಾಕಿ ಟೈ ಕಟ್ಟಿದ ಆಫೀಸಿನ ಮನುಷ್ಯ. ಒಂದರಲ್ಲಿ ಪಿಸಿಗೆ ವೈರಸ್ ಬಂದು ಸೀನುತ್ತಾ ನಿಂತಿರುತ್ತಾನೆ. ಚೆನ್ನಾಗಿದೆ, ನಗು ಬರುತ್ತೆ. ಆದರೆ ನಕ್ಕವರೆಲ್ಲ ದುಡ್ಡು ಬಿಚ್ಚಲ್ಲ ಅಲ್ವಾ? ಅದೇ 2006ರಲ್ಲಿ ಮ್ಯಾಕ್ ಒಳಗೆ ಇಂಟೆಲ್ ಚಿಪ್ ಬಂತು, ಹಿಂದೆಯೇ ಆಪಲ್‌ನದೇ ಬೂಟ್ ಕ್ಯಾಂಪ್ ಅನ್ನೋ ತಂತ್ರಾಂಶ ಬಂತು, ಅದರಿಂದ ಮ್ಯಾಕ್ ಮೇಲೇ ವಿಂಡೋಸ್ ಹಾಕಿಕೊಳ್ಳಬಹುದಾಯಿತು. ಹೊಸ ಸೊಸೆಗೆ, ಬೇಜಾರಾದಾಗ ತವರಿಗೆ ಹೋಗಿ ಬಾರಮ್ಮ ಅಂದ ಹಾಗೆ. 2020ರಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಾಗ ಆ ಬಾಗಿಲು ಮುಚ್ಚಿತು. ಅಷ್ಟೊತ್ತಿಗೆ ಸೊಸೆ ಮನೆಯವಳೇ ಆಗಿದ್ದಳು ಬಿಡಿ.

ಅದಕ್ಕೂ ಮುಂಚೆ ಐಪಾಡ್, ಆಪಲ್‌ನ ಹಾಡು ಕೇಳೋ ಪುಟ್ಟ ಯಂತ್ರ. 2001ರಲ್ಲಿ ಬಂದಾಗ ಅದು ಮ್ಯಾಕ್ ಇದ್ದವರಿಗೆ ಮಾತ್ರ. ಮರುವರ್ಷ ವಿಂಡೋಸ್‌ಗೂ ಕೊಟ್ಟರು, 2003ರಲ್ಲಿ ಅದಕ್ಕೆ ಹಾಡು ತುಂಬೋ ತಂತ್ರಾಂಶ ಐಟ್ಯೂನ್ಸನ್ನೂ ಕೊಟ್ಟರು. ಮೊದಲು ಜೇಬಿಗೆ ಹೋಗು, ಮೇಜಿನ ಮೇಲೆ ಆಮೇಲೆ ಕೂರು. ಈಗ ಆ ಕೆಲಸ ಐಫೋನ್ ಮಾಡುತ್ತದೆ.

ನನ್ನ ಅಕ್ಕನ ಮಗನದ್ದೇ ನೋಡಿ. ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಮೊದಲು ಸೆಕೆಂಡ್ ಹ್ಯಾಂಡ್ ಐಫೋನ್ ತಗೊಂಡ, ಆಮೇಲೆ ಸ್ಟೂಡೆಂಟ್ ಡಿಸ್ಕೌಂಟ್, ಇಎಂಐ ಅಂತ ಅಕ್ಕನ ತಲೆ ತಿಂದು ಮ್ಯಾಕ್‌ಬುಕ್. ಒಂದು ದಿನ ಅಂಗಡಿಗೆ ಬಂದು, ಅವನ ತಂಗಿಯ ಲಗ್ನಪತ್ರಿಕೆ ನೋಡ್ತೀನಿ ಅಂತ ನನ್ನ ಪೆನ್‌ಡ್ರೈವ್ ಹಾಕಿಕೊಂಡ. "ಮಾವ, ಫೈಲ್ ಕೆಟ್ಟೋಗಿದೆ" ಅಂದ. ನೋಡಿದರೆ 'ನ' ಇರಬೇಕಾದ ಕಡೆಯೆಲ್ಲ ಪೌಂಡ್ ಗುರುತು, ಪಕ್ಕದಲ್ಲಿ ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ. ಕೆಟ್ಟಿರಲಿಲ್ಲ, ನುಡಿ ಅನ್ನೋ ಹಳೇ ಕನ್ನಡ ಫಾಂಟ್‌ನಲ್ಲಿ ಕೂಡಿಸಿದ್ದು, ಅವನಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಸರಿ, ಪತ್ರಿಕೆಗೆ ಬೇರೆ ಫೋಟೋ ಇದೇ ಪೆನ್‌ಡ್ರೈವ್‌ಗೆ ಹಾಕಿಕೊಡು ಅಂದರೆ ಅದೂ ಆಗಲಿಲ್ಲ. ಪೆನ್‌ಡ್ರೈವ್ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆಗಿತ್ತು, ಅದು ವಿಂಡೋಸ್‌ನ ಪದ್ಧತಿ; ಮ್ಯಾಕ್ ಅದನ್ನು ಓದುತ್ತೆ, ಬರೆಯಲ್ಲ. ಎಕ್ಸ್‌ಫ್ಯಾಟ್ ಅನ್ನೋ, ಎರಡೂ ಕಡೆ ನಡೆಯೋ ಪದ್ಧತಿ ಆಗಿದ್ದರೆ ಈ ರಗಳೆ ಇರುತ್ತಿರಲಿಲ್ಲ. ನನ್ನ ಹತ್ತಿರ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು ಎಲ್ಲ ಆ ಫಾಂಟ್‌ನಲ್ಲೇ ಇವೆ. ಯಾವ ಕಂಪನಿಯ ಚಿಪ್ ಎಷ್ಟು ವೇಗವಾದರೆ ನನಗೇನು? ಅವನಿಗೆ ಬಿಟ್ಟು ಬರೋದಕ್ಕೆ ಹಳೇದು ಏನೂ ಇರಲಿಲ್ಲ, ಅದಕ್ಕೇ ಕಂಪನಿಗಳು ಓದೋ ಮಕ್ಕಳಿಗೆ ರಿಯಾಯಿತಿ ಕೊಡೋದು.

ಬಿಟ್ಟಿ ಕೊಟ್ಟರೂ ಜನ ಬರಲ್ಲ, ಇದನ್ನೂ ಹೇಳಬೇಕು. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಬಿಟ್ಟಿ ತಂತ್ರಾಂಶ ಉಬುಂಟು ಲಿನಕ್ಸ್‌ನವರು ಒಂದು ಕಾಲದಲ್ಲಿ ಕೇಳಿದವರ ಮನೆಗೆ ಪೋಸ್ಟ್‌ನಲ್ಲಿ ಸಿಡಿ ಕಳಿಸುತ್ತಿದ್ದರು, ಒಂದು ರೂಪಾಯಿ ಇಲ್ಲ. ನನಗೂ ಬಂದಿತ್ತು. ಆದರೆ ಇಲ್ಲಿ ವಿಂಡೋಸನ್ನೂ ಯಾರೋ ಒಬ್ಬರು ಸುಮ್ನೆ ಹಾಕಿಕೊಡುತ್ತಿದ್ದರು (ಆ 'ಯಾರೋ' ನಾನೂ ಆಗಿದ್ದೆ). ಇನ್ನು ಬಿಟ್ಟಿ ಅನ್ನೋದಕ್ಕೆ ಏನು ಬೆಲೆ?

ಲಿನಕ್ಸ್‌ಗೆ ಜನ ಬರುತ್ತಿರೋದು ಈಗ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ವ್ಯವಸ್ಥೆ ಬೇಕು, ಎಷ್ಟೋ ಹಳೇ ಮಿಷಿನ್‌ಗಳಿಗೆ ಅದು ಆಗಲ್ಲ. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರ್ ತಂದು, ಇದನ್ನ ಗುಜರಿಗೆ ಹಾಕಬೇಕಾ ಅಂತ ಕೇಳಿದರು. ಲಿನಕ್ಸ್‌ನದೇ ಇನ್ನೊಂದು ಬಗೆ, ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಕೆಳಗೆ ಎಡಗಡೆ ಮೂಲೆಯಲ್ಲೇ ಮೆನು, ಅವರ ಕೈ ಹೋಗುವ ಜಾಗದಲ್ಲೇ. ಎರಡು ತಿಂಗಳಾದ ಮೇಲೆ ಒಂದೇ ಒಂದು ದೂರು ಬಂತು: "ಇಸ್ಪೀಟ್ ಆಟ ಎಲ್ಲಿ ಹೋಯ್ತಪ್ಪಾ?" ಅದನ್ನೂ ಹಾಕಿಕೊಟ್ಟೆ.