ಬಿಟ್ಟ ಮರುದಿನವೇ ಮೀನುಮರಿ ಸತ್ತರೆ

ಪ್ರಶ್ನೆ: ಕೃಷಿಹೊಂಡಕ್ಕೆ ಬಿಟ್ಟ ಕಾಟ್ಲಾ, ರೋಹು ಮರಿಗಳಲ್ಲಿ ಅರ್ಧ ಮರುದಿನವೇ ಸತ್ತವು. ಮರಿಯೇ ಕಳಪೆಯೇ? ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ವಿಚಾರಿಸಬಹುದೇ?

ಉತ್ತರ: ಮರಿಯನ್ನು ದೂರುವ ಮೊದಲು ಬಿಟ್ಟ ಬಗೆಯನ್ನು ನೋಡಿ. ಮರಿ ತಂದ ಚೀಲದ ನೀರಿಗೂ ಹೊಂಡದ ನೀರಿಗೂ ಉಷ್ಣಾಂಶ, ಪಿಎಚ್ (ಹುಳಿ–ಕ್ಷಾರದ ಮಟ್ಟ) ಬೇರೆ. ಒಮ್ಮೆಲೇ ಸುರಿದರೆ ಆ ಆಘಾತ ಮರಿಗಳಿಗೆ ತಡೆಯದು. ಕಟ್ಟು ಬಿಚ್ಚದೆ ಚೀಲವನ್ನು 15–20 ನಿಮಿಷ ಹೊಂಡದಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಹತ್ತು ನಿಮಿಷದ ನಂತರ ಚೀಲ ಓರೆ ಮಾಡಿ. ಮರಿಗಳು ತಾವೇ ಈಜಿ ಹೋಗಲಿ. ಸುಡುಬಿಸಿಲಲ್ಲಂತೂ ಬೇಡವೇ ಬೇಡ.

ಕರಾವಳಿಯ ಮುರಕಲ್ಲು ಮಣ್ಣಿನ ಹೊಂಡವಾದರೆ ನೀರು ಹುಳಿಯಾಗಿರಬಹುದು. ಪಿಎಚ್ 6.5ಕ್ಕಿಂತ ಕಡಿಮೆಯಿದ್ದರೆ ಮೊದಲು ಸುಣ್ಣ ಹಾಕಿ, ವಾರ ಬಿಟ್ಟು ಮರಿ ತನ್ನಿ. 1969ರಲ್ಲಿ ಶುರುವಾದ ಆ ಕಾಲೇಜು ಈಗ ಬೀದರಿನ ವಿಶ್ವವಿದ್ಯಾಲಯದ ಅಧೀನದಲ್ಲಿದೆ, ಖಂಡಿತ ವಿಚಾರಿಸಿ.