ಮೀನು ಮಾಡದ ಮನೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಗ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್. ರಾತ್ರಿಯ ತರಬೇತಿ ಹಾರಾಟದಲ್ಲಿ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ದೇಹ ಸಿಗಲಿಲ್ಲ. ಅದಾಗಿ ಎರಡು ವರ್ಷದ ಮೇಲೆ ಮಗಳು ಅಪ್ಪ ಅಮ್ಮನನ್ನು ಶಿವಮೊಗ್ಗಕ್ಕೆ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದಳು. "ಅಣ್ಣನ ಹೆಸರು ಎತ್ತಿದ್ರೆ ಜಗಳ, ಮೇಡಂ. ಎತ್ತದಿದ್ರೆ ಇಬ್ಬರದೂ ಮಾತಿಲ್ಲ."

ವರ್ಷದ ನೆನಪಿಗೆ ಅಪ್ಪ ಊರಿನ ಶಾಲೆಯಲ್ಲಿ ಕಾರ್ಯಕ್ರಮ ಇಟ್ಟಿದ್ದರು. ಫ್ಲೆಕ್ಸ್, ಸಮವಸ್ತ್ರದ ಫೋಟೊ, ಭಾಷಣ. ಅಮ್ಮ ಹೋಗಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮಗನಿಗೂ ಒಂದು ಎಲೆ ಹಾಕು ಎಂದು ಅತ್ತೆ ಹೇಳಿದರೆ, "ಅವನು ಹಿರಿಯನಾ?" ಎಂದು ಎದ್ದು ಹೋದರು.

ಊರಿನವರ ಮಾತೂ ಸೇರಿಕೊಂಡಿತ್ತು. "ಯುದ್ಧ ಏನೂ ಇರಲಿಲ್ವಲ್ಲ, ಮತ್ತೆ ಹ್ಯಾಗೆ?" ಕೇಳುವವರದು ಕೆಟ್ಟ ಮನಸ್ಸಲ್ಲ. ಅಪ್ಪನಿಗೆ ಮಾತ್ರ ಅದು ಮಗನೇ ಏನೋ ತಪ್ಪು ಮಾಡಿದ ಎಂಬಂತೆ ಕೇಳಿಸುತ್ತಿತ್ತು. ರಾತ್ರಿಯಿಡೀ ಮೊಬೈಲಿನಲ್ಲಿ ಅಪಘಾತಗಳ ವಿಡಿಯೊ ನೋಡುತ್ತಿದ್ದರು. ನನಗೇ ಪಾಠ ಮಾಡಿದರು. ಹೆಲಿಕಾಪ್ಟರಿನ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮೇಲೇ ಇರುತ್ತೆ, ನೀರಿಗೆ ಬಿದ್ದರೆ ಮಗುಚಿಕೊಳ್ಳುತ್ತೆ. ಕತ್ತಲಲ್ಲಿ ಸಮುದ್ರದ ಮೇಲೆ ನೀರು ಯಾವುದು, ಆಕಾಶ ಯಾವುದು ಗೊತ್ತಾಗಲ್ಲ. ಕಿವಿಯೊಳಗಿನ ಸಮತೋಲನವೂ ಮೋಸ ಮಾಡುತ್ತೆ, ಮೀಟರ್ ನಂಬಿಯೇ ಹಾರಿಸಬೇಕು. "ಯುದ್ಧ ಬಂದ ಮೇಲೆ ಇದನ್ನ ಕಲಿಯೋಕಾಗುತ್ತಾ?" ಊರಿನವರಿಗೆ ಕೊಡಬೇಕಾದ ಉತ್ತರ ಅವರ ಬಾಯಲ್ಲೇ ಇತ್ತು. ಇಷ್ಟನ್ನೇ ಅವರಿಗೂ ಹೇಳಿ ಸಾಕು, ಅಂದೆ.

ಅಮ್ಮ ಬಾಯಿಬಿಟ್ಟದ್ದು ಒಬ್ಬರೇ ಕೂತಾಗ. ಘಟ್ಟ ಹತ್ತಿ ಬರುವ ಮೀನಿನವರ ಬೈಕಿನ ಹಾರ್ನ್ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರಂತೆ. ಅಂದಿನಿಂದ ಮನೆಯಲ್ಲಿ ಮೀನು ಮಾಡಿಲ್ಲ. ಏನೋ ಹರಕೆ ಇರಬೇಕು ಅಂತ ಗಂಡ ಸುಮ್ಮನಿದ್ದರು. "ಅವನು ಅಲ್ಲೇ ಇದಾನಲ್ಲ ಮೇಡಂ, ನೀರಲ್ಲಿ." ಇಂಥ ಮಾತಿಗೆ ಸಮಾಧಾನ ಹೇಳಲು ಹೋಗಬಾರದು. ನಾನೂ ಹೋಗಲಿಲ್ಲ.

ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ದೇಹ ನೋಡದ ಮನಸ್ಸು ಸಾವನ್ನು ಒಪ್ಪುತ್ತದೆ, ಮರುಗಳಿಗೆಗೆ ಒಪ್ಪುವುದಿಲ್ಲ. ಅದು ಕಾಯಿಲೆ ಅಲ್ಲ. ಅವನಿಲ್ಲ ಎಂಬುದನ್ನೂ ಇದಾನೆ ಎಂಬುದನ್ನೂ ಒಟ್ಟಿಗೇ ಇಟ್ಟುಕೊಂಡು ಬದುಕಬಹುದು ಎಂದು ಅಮ್ಮನಿಗೆ ಹೇಳಿದೆ. ಈಗಲೇ ಎಡೆ ಇಡಲೇಬೇಕು ಅಂತಿಲ್ಲ. ದೇಹ ಸಿಗದಾಗ ದರ್ಭೆಯಲ್ಲಿ ಆಕಾರ ಮಾಡಿ ಸಂಸ್ಕಾರ ಮಾಡುವ ಪದ್ಧತಿಯೂ ಇದೆ. ಮಾಡುವುದಾದರೆ ನಿಮಗೆ ಬೇಕೆನಿಸಿದಾಗ ಮಾಡಿ, ಅತ್ತೆಯ ಒತ್ತಾಯಕ್ಕಲ್ಲ. ಮೀನಿನ ವಿಷಯ ಮಾತ್ರ ಗಂಡನಿಗೆ ನೀವೇ ಹೇಳಿ.

ಹೇಳಿದರು. ಮಾರನೆಯ ದಿನ ಗಂಡ ರಸ್ತೆಯಲ್ಲಿ ಕಾದು ನಿಂತು, ನಮ್ಮ ಗೇಟಿನ ಹತ್ತಿರ ಹಾರ್ನ್ ಮಾಡಬೇಡ ಮಾರಾಯ ಎಂದು ಮೀನಿನವನಿಗೆ ಹೇಳಿ ಬಂದರಂತೆ. ಆಮೇಲೆ ನನ್ನ ಕೆಲಸ ಸಲೀಸಾಯಿತು.

ಅಪ್ಪನಿಗೆ ವಿಡಿಯೊ ಬಿಡಲು ಹೇಳಿದೆ. ಅಪಘಾತದ ಬಗ್ಗೆ ನೌಕಾಪಡೆಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಯಾರ ಮೂಲಕ ಕಳಿಸಬೇಕೆಂದು ವಿಚಾರಿಸಿ. ವಿಚಾರಣೆಯ ವರದಿ ಪೂರ್ತಿ ಕೈಗೆ ಬರದೇ ಇರಬಹುದು. ಬಂದಷ್ಟನ್ನು ಮೂವರೂ ಕೂತು ಓದಿ. ಶಾಲೆಯ ಕಾರ್ಯಕ್ರಮ ನಡೆಯಲಿ, ಹೆಂಡತಿ ಬರಲೇಬೇಕೆಂಬ ಹಟ ಬೇಡ. ಅವರಿಗೆ ಫ್ಲೆಕ್ಸಿನಲ್ಲಿ ಅಧಿಕಾರಿ ಕಾಣುತ್ತಾನೆ, ಮಗ ಕಾಣುವುದಿಲ್ಲ.

ಆಗ ಮಗಳು, "ಅಣ್ಣ ಇಂಬಳ (ಜಿಗಣೆ) ಕಂಡ್ರೆ ತೋಟದಿಂದ ಓಡಿ ಬರ್ತಿದ್ದ" ಅಂದಳು. ಅಮ್ಮ ನಕ್ಕುಬಿಟ್ಟರು. "ಅದನ್ನೆಲ್ಲ ಸ್ಟೇಜ್ ಮೇಲೆ ಹೇಳೋದಾ?" ಎಂದು ಅಪ್ಪ ಗೊಣಗಿದರು. ಈ ವರ್ಷ ಅವರೇ ಹೇಳಿದರಂತೆ. ಅಮ್ಮ ಈ ಸಲವೂ ಹೋಗಲಿಲ್ಲ. ಜಗಳ ಆಗಲಿಲ್ಲ.

ಅಪ್ಪನ ನಿದ್ದೆ ಇನ್ನೂ ಸರಿಹೋಗಿಲ್ಲ, ಮನೋವೈದ್ಯರ ಹತ್ತಿರ ಕಳಿಸಿದ್ದೇನೆ. ರಾತ್ರಿ ಸಂಕಟ ಜಾಸ್ತಿಯಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇನ್ನು ಮಗಳು. ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ ದಾಟಿಸುವುದರಲ್ಲೇ ಅವಳ ದಿನ ಕಳೆದಿವೆ. ಅಣ್ಣನನ್ನು ಕಳೆದುಕೊಂಡ ನಿನಗೆ ಹ್ಯಾಗಿದೆ ಅಂತ ಅವಳನ್ನು ಯಾರೂ ಕೇಳಿಲ್ಲ. ಮುಂದಿನ ಸಲ ಒಬ್ಬಳೇ ಬರುತ್ತೇನೆ ಅಂದಿದ್ದಾಳೆ.