ಕೆನಡಾದ ಒಟ್ಟಾವಾದಲ್ಲಿ ಇನುಯಿಟ್ ಕುಟುಂಬಗಳ (ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳು) ಜೊತೆ ಕೆಲಸ ಸಿಕ್ಕಿದೆ. ನಾನು ಸಸ್ಯಾಹಾರಿ. ಕೂಡು ಕುಟುಂಬದಲ್ಲಿ ಬೆಳೆದ ನನಗೆ ಇದು ಸುಲಭವಾಗುತ್ತಾ, ಅಥವಾ ಆಸ್ಪತ್ರೆ ಕೆಲಸಕ್ಕೇ ಹೋಗಲಾ?

ಕೂಡು ಕುಟುಂಬ ಅಂದಿರಲ್ಲ, ನನ್ನನ್ನು ಮುಳುಗಿಸಿದ್ದೂ ಅದೇ.

ನಾನೂ ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ವಾನಿಯೇ ಬಡಾವಣೆಯ ಇನುಯಿಟ್ ಮನೆಗಳಿಗೆ ಹೋಗಿಬರುವ ಕೆಲಸ. "ನಮ್ಮಲ್ಲೂ ಅಜ್ಜಿ, ಚಿಕ್ಕಮ್ಮ ಎಲ್ಲಾ ಸೇರಿಯೇ ಮಗು ಸಾಕೋದು" ಅಂತ ಸಂದರ್ಶನದಲ್ಲಿ ಹೇಳಿ ಶಭಾಷ್ ಅನ್ನಿಸಿಕೊಂಡಿದ್ದೆ.

ಎರಡನೇ ವಾರ ಒಬ್ಬ ತಾಯಿಯ ಮನೆಗೆ ಹೋದೆ. ಬ್ಯಾಫಿನ್ ದ್ವೀಪದವರು. ಆ ದ್ವೀಪವಿರುವ ಉತ್ತರದ ನುನಾವುಟ್ ಪ್ರದೇಶದಿಂದ ದಕ್ಷಿಣಕ್ಕೆ ರಸ್ತೆಯೇ ಇಲ್ಲ. ದೊಡ್ಡ ಕಾಯಿಲೆ ಬಂದರೆ ವಿಮಾನ ಹತ್ತಿ ಸುಮಾರು 2,000 ಕಿ.ಮೀ. ದೂರದ ಒಟ್ಟಾವಾಕ್ಕೆ ಬರಬೇಕು. ಮಗನ ಚಿಕಿತ್ಸೆಗೆ ಬಂದವರು ಇಲ್ಲೇ ಉಳಿದಿದ್ದರು. ನಾನು ಅಡುಗೆಮನೆ ಮೇಜಿನ ಮೇಲೆ ಆರು ಪುಟದ ಫಾರಂ ಹರಡಿಕೊಂಡು ಕೂತೆ. ಶಾಲೆಯವರು ಕರೆದರೆ ಹೋಗ್ತೀರಾ? ಮೌನ. ರಾತ್ರಿ ಮಕ್ಕಳು ಸರಿಯಾಗಿ ನಿದ್ದೆ ಮಾಡ್ತಾರಾ? ಮೌನ. ಹನ್ನೊಂದು ಕಡೆ "ಉತ್ತರವಿಲ್ಲ" ಅಂತ ಬರೆದೆ.

ಉತ್ತರ ಇತ್ತು. ಇನುಯಿಟ್ ಜನ ಹೌದು ಅನ್ನಲು ಹುಬ್ಬು ಏರಿಸುತ್ತಾರೆ, ಇಲ್ಲ ಅನ್ನಲು ಮೂಗು ಸುಕ್ಕಿಸುತ್ತಾರೆ. ಬಾಯಿ ತೆರೆಯಲೇಬೇಕು ಅಂತಿಲ್ಲ. ಆಕೆ ಹನ್ನೊಂದಕ್ಕೂ ಉತ್ತರ ಕೊಟ್ಟಿರಬೇಕು. ನಾನು ತಲೆ ಎತ್ತಿದ್ದರೆ ತಾನೇ? ಪ್ರಶ್ನೆ ಓದುವಾಗಲೂ ಫಾರಂ, ಬರೆಯುವಾಗಲೂ ಫಾರಂ. ಹುಬ್ಬಿನ ಅರ್ಥ ಗೊತ್ತಿಲ್ಲದ್ದು ಬೇರೆ ಮಾತು. ಮುಖವನ್ನೇ ನೋಡದವಳಿಗೆ ಗೊತ್ತಿದ್ದರೂ ಏನು ಪ್ರಯೋಜನ? ನಾವು ತಲೆ ಓಲಾಡಿಸಿ ಹೂಂ ಅಂದದ್ದು ಇಲ್ಲಿಯವರಿಗೆ ತಿಳಿಯದಿದ್ದಾಗ ಮನೆಗೆ ಬಂದು ನಗುತ್ತಿದ್ದವಳೂ ನಾನೇ.

ಅಷ್ಟಕ್ಕೇ ಬಿಡಲಿಲ್ಲ. ಕೊನೆಯ ಪುಟದಲ್ಲಿ "ಸಹಕಾರ ಕಡಿಮೆ" ಅಂತ ಸೇರಿಸಿದೆ. ಕೆಲವು ತಿಂಗಳ ಮೇಲೆ ಮಕ್ಕಳ ರಕ್ಷಣೆಯವರು ಆ ಕಡತ ತೆಗೆಸಿ, ಆಕೆಯ ಎದುರಿಗೇ ಅದನ್ನು ಓದಿದರು. ಆಮೇಲೆ ನನಗೆ ಆ ಬಾಗಿಲು ತೆರೆಯಲಿಲ್ಲ. ಒಳಗೆ ಟಿವಿ ಸದ್ದು ಕೇಳಿಸುತ್ತಿತ್ತು. ಮಕ್ಕಳು ಆಕೆಯ ಹತ್ತಿರವೇ ಉಳಿದರು, ಅದರಲ್ಲಿ ನನ್ನ ಪಾಲೇನೂ ಇಲ್ಲ.

ಎರಡೇ ಪದ ಅನ್ನಬೇಡಿ. 2021ರ ಜನಗಣತಿಯಲ್ಲಿ ಕೆನಡಾದ 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು 7.7%, ಹೆತ್ತವರಿಂದ ದೂರ ಸಾಕುಮನೆಗಳಲ್ಲಿರುವ ಆ ವಯಸ್ಸಿನ ಮಕ್ಕಳಲ್ಲಿ ಅವರೇ 53.8%. 1950ರ ದಶಕದಲ್ಲಿ ಸರ್ಕಾರದ ಸಿ.ಡಿ. ಹೋವ್ ಹಡಗು ಇನುಯಿಟ್ ಜನರ ಊರೂರಿಗೆ ಬಂದು ಎಕ್ಸ್-ರೇ ತೆಗೆಯುತ್ತಿತ್ತು. ಕ್ಷಯ ಕಂಡವರನ್ನು ಹಾಗೇ ದಕ್ಷಿಣಕ್ಕೆ ಕರೆದೊಯ್ಯುತ್ತಿತ್ತು. ಸತ್ತವರನ್ನು ಎಲ್ಲಿ ಹೂಳಿದರು ಅನ್ನೋದು ಎಷ್ಟೋ ಮನೆಗಳಿಗೆ ತಿಳಿಯಲೇ ಇಲ್ಲ. ಆಗಿನ ಪ್ರಧಾನಿ ಟ್ರೂಡೊ ನುನಾವುಟ್‌ನ ರಾಜಧಾನಿ ಇಕಾಲುಇಟ್‌ನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2019ರಲ್ಲಿ. ಕಾಗದ ಹಿಡಿದು ಮನೆಗೆ ಬರುವವರನ್ನು ಕಂಡರೆ ಆ ಜನಕ್ಕೆ ಏನನ್ನಿಸಬೇಕು?

ಜೊತೆ ಕೆಲಸ ಮಾಡುತ್ತಿದ್ದ ಇನುಯಿಟ್ ಹಿರಿಯಾಕೆಯ ಹತ್ತಿರ ಗೋಳು ತೋಡಿಕೊಂಡು, "ನಾನು ತಪ್ಪು ಮಾಡಿದೆನಾ?" ಅಂದೆ. ಅವರು ಹುಬ್ಬು ಏರಿಸಿದರು. ಮತ್ತೆ ಕೇಳಿದೆ. ಮತ್ತೆ ಏರಿಸಿದರು. ಹುಬ್ಬಿನ ಅರ್ಥ ನನಗೆ ಗೊತ್ತಾದದ್ದೇ ಹಾಗೆ.

ಹಾಗಾಗಿ "ನಮ್ಮ ಹಾಗೇ ಅವರೂ" ಅನ್ನುವುದನ್ನು ಮೊದಲು ಬಿಡಿ. ಅಜ್ಜಿಯೊಬ್ಬರು ಮೂರು ವರ್ಷದ ಮಗುವನ್ನು 'ಅನಾನಾ', ಅಂದರೆ ಅಮ್ಮ, ಅಂತ ಕರೆಯುತ್ತಾರೆ. ನಾವೂ ಮುದ್ದಿಗೆ ಹಾಗೇ ಕರೆಯುತ್ತೇವಲ್ಲ ಅನ್ನಿಸುತ್ತದೆ. ಅಲ್ಲಿ ಅದು ಬರೀ ಮುದ್ದಲ್ಲ. ತೀರಿಕೊಂಡ ತಮ್ಮ ತಾಯಿಯ ಹೆಸರು ಇಟ್ಟ ಮೇಲೆ ಆ ಸಂಬಂಧವೂ ಆ ಮಗುವಿಗೆ ಬಂತು. ಅಂಥ ಮಗುವನ್ನು ಗದರಿಸದಿದ್ದರೆ ನಮ್ಮಂಥವರು ಫಾರಂನಲ್ಲಿ "ಶಿಸ್ತಿಲ್ಲ" ಅಂತ ಬರೆಯುತ್ತೇವೆ.

ಆಸ್ಪತ್ರೆಯೋ ಇದೋ ಅನ್ನೋದು ನಿಮ್ಮ ಮನೆಯ ಲೆಕ್ಕ. ಇನುಯಿಟ್ ರೀತಿನೀತಿ ಕಲಿಸುವ ತರಬೇತಿಗೆ ಆಫೀಸಿನವರು ಕಳಿಸಿದರೆ ಹೋಗಿ, ಸ್ವಂತ ದುಡ್ಡು ಹಾಕಬೇಡಿ. ಅದರ ಬದಲು ಇನುಯಿಟ್ ಜನ ಕುಲ್ಲಿಕ್ ಅನ್ನೋ ಕಲ್ಲಿನ ಎಣ್ಣೆದೀಪ ಹಚ್ಚುವ ಕಡೆ ಹೋಗಿ ಸುಮ್ಮನೆ ಕೂತುಬನ್ನಿ.

ಸಸ್ಯಾಹಾರಿ ಅಂತ ಬೇರೆ ಬರೆದಿದ್ದೀರಿ. ನಾನೂ ಅಷ್ಟೇ. ನೆಲದ ಮೇಲೆ ರಟ್ಟು ಹಾಸಿ, ಹಸಿ ಕ್ಯಾರಿಬೂ (ಉತ್ತರದ ಜಿಂಕೆ) ಮಾಂಸವನ್ನು ಉಲು ಕತ್ತಿಯಲ್ಲಿ ಕೊಯ್ದು ತಿನ್ನುತ್ತಿರುತ್ತಾರೆ. ನನಗಂತೂ ಯಾರೂ ಬಲವಂತ ಮಾಡಿಲ್ಲ, ಟೀ ಮತ್ತು ಬ್ಯಾನಕ್ ರೊಟ್ಟಿ ಸಿಗುತ್ತದೆ. ವಾಸನೆಗೆ ಮೂಗು ಮಾತ್ರ ಸುಕ್ಕಿಸಬೇಡಿ. ಯಾರಾದರೂ ಅದೇ ಹೊತ್ತಿಗೆ "ನಾಳೆಯೂ ಬರ್ತೀಯಾ?" ಅಂತ ಕೇಳಿರುತ್ತಾರೆ.